ಹೊಸ ಟ್ಯೂಬ್ ಆಂಪ್ ಕೈಕೊಟ್ಟಾಗ: ಕಲಬುರಗಿ, ಬೀದರ್, ಯಾದಗಿರಿ ಕಡೆಯ ಗಿಟಾರ್ ವಾದಕರಿಗೆ ದೋಷ ನಿವಾರಣೆ ಕೈಪಿಡಿ

ಗಿಟಾರಿನ ಆಂಪ್ಲಿಫೈಯರ್, ಅಂದರೆ ಆಂಪ್, ಕೆಟ್ಟ ಕೂಡಲೇ ಟ್ಯೂಬ್ (ಸಿಗ್ನಲ್ ಹಿಗ್ಗಿಸುವ ಗಾಜಿನ ವಾಲ್ವ್) ತರಿಸಬೇಡಿ. ಊರಲ್ಲಿ ಸಿಗದ ನಾಲ್ಕು ಇಎಲ್34 ಪವರ್ ಟ್ಯೂಬ್ ತರಿಸಿಕೊಂಡು, ಹಾಕಿ ನೋಡಿ, ಅದೇ ಸದ್ದು ಮತ್ತೆ ಕೇಳಿದಾಗ ದುಡ್ಡೂ ಹೋಗಿರುತ್ತದೆ, ಹದಿನೈದು ದಿನವೂ ಹೋಗಿರುತ್ತದೆ. ಈಚಿನ ಆಂಪ್‌ಗಳ ತೊಂದರೆ ಬಹುಪಾಲು ಟ್ಯೂಬಿನ ಗಾಜಿನೊಳಗೆ ಇರುವುದಿಲ್ಲ. ಟ್ಯೂಬ್ ಕೂರುವ ಸಾಕೆಟ್, ವೈರ್ ಚುಚ್ಚುವ ಜಾಕ್, ವಾಲ್ಯೂಮ್, ಟೋನ್ ತಿರುಗಿಸುವ ಪಾಟ್, ಇವನ್ನು ಹಿಡಿದಿರುವ ಬೆಸುಗೆ, ಇಲ್ಲವೇ ಗೋಡೆಯ ಪ್ಲಗ್ಗು: ಕಾರಣ ಇಷ್ಟರಲ್ಲೇ ಎಲ್ಲೋ ಇರುತ್ತದೆ. ಹಾಗಾಗಿ ಈ ಕೈಪಿಡಿ ಗೋಡೆಯಿಂದ ಶುರುವಾಗಿ ಒಳಕ್ಕೆ ಹೋಗುತ್ತದೆ.

ಹಳೆಯ ಕಂಪನಿಗಳ ಹೆಸರಲ್ಲೇ ಬರುವ ಹೊಸ ಆಂಪ್ ಬೇಗ ಕೆಡುತ್ತದೆ, 'ಹೆಸರು ಅದೇ, ಮಾಲು ಅದಲ್ಲ' ಎಂಬ ವಾದಕರ ಸಿಟ್ಟಿಗೆ ಆಧಾರವಿದೆ. ಜಿಮ್ ಮಾರ್ಷಲ್ ಅವರ ಲಂಡನ್ ಹ್ಯಾನ್ವೆಲ್ ಅಂಗಡಿಯಲ್ಲಿ ಕೆನ್ ಬ್ರಾನ್, ಡಡ್ಲಿ ಕ್ರೇವನ್ ಸೇರಿ 1962ರ ಸುಮಾರಿಗೆ ಮೊದಲ ಮಾರ್ಷಲ್ ಆಂಪ್ ಜೆಟಿಎಂ45 ಕಟ್ಟಿದರು. ಅದಕ್ಕೆ ಮಾದರಿಯಾಗಿದ್ದುದು ಫೆಂಡರ್ ಬ್ಯಾಸ್‌ಮನ್‌ನ 5ಎಫ್6-ಎ ಸರ್ಕ್ಯೂಟ್. ಆ ಕಾಲದ ಆಂಪ್‌ನಲ್ಲಿ ಸಾಕೆಟ್, ಜಾಕ್, ಪಾಟ್ ಎಲ್ಲವನ್ನೂ ಲೋಹದ ಷಾಸಿಗೆ (ಒಳಗಿನ ಚೌಕಟ್ಟಿಗೆ) ನಟ್ಟು ಬೋಲ್ಟಿನಿಂದ ಬಿಗಿಯುತ್ತಿದ್ದರು. ಬೋರ್ಡಿಗೆ ವೈರು ಮಾತ್ರ ಹೋಗುತ್ತಿತ್ತು. ವೈರ್ ಎಳೆದರೂ ಟ್ಯೂಬ್ ಅಲ್ಲಾಡಿದರೂ ಪೆಟ್ಟು ಬೀಳುತ್ತಿದ್ದುದು ಷಾಸಿಯ ಮೇಲೆ. 1970ರ ದಶಕದಲ್ಲಿ, ತಾಮ್ರದ ಗೆರೆಗಳೇ ವೈರಿನ ಕೆಲಸ ಮಾಡುವ ಪ್ರಿಂಟೆಡ್ ಬೋರ್ಡ್ ಬಂತು. ಬೋರ್ಡ್ ಬಂದದ್ದೇ ತಪ್ಪೆಂದು ದೂರುವುದು ಸರಿಯಲ್ಲ. ದಪ್ಪ ಬೋರ್ಡ್ ಹಾಕಿ, ಸಾಕೆಟ್ಟನ್ನು ಹೊರಗಿಟ್ಟ ಎಷ್ಟೋ ಆಂಪ್‌ಗಳು ಮೂವತ್ತು ನಲವತ್ತು ವರ್ಷ ಬಾಳಿವೆ. ಖರ್ಚು ಉಳಿಸಲು ಸಾಕೆಟ್, ಜಾಕ್, ಪಾಟುಗಳನ್ನೆಲ್ಲ ಆ ಬೋರ್ಡಿಗೇ ಬೆಸೆದಾಗ ಕಷ್ಟ ಶುರುವಾಯಿತು. ಈಗ ನೀವು ಪ್ಲಗ್ ಚುಚ್ಚಿದಷ್ಟೂ ಸಲ ಬೆಸುಗೆ ಅಲುಗುತ್ತದೆ. ಸ್ಪೀಕರೂ ಒಂದೇ ಪೆಟ್ಟಿಗೆಯಲ್ಲಿರುವ ಕಾಂಬೊ ಆಂಪ್‌ಗಳಲ್ಲಿ ಟ್ಯೂಬ್ ತಲೆಕೆಳಗಾಗಿ ತೂಗುವುದರಿಂದ ಅದರ ಕಾವು ಮೇಲೇರಿ ನೇರ ಬೋರ್ಡಿಗೇ ಬಡಿಯುತ್ತದೆ. ಮೇ ತಿಂಗಳಲ್ಲಿ ಶಾಮಿಯಾನದ ಕೆಳಗೇ 42 ಡಿಗ್ರಿ ಇರುವ ನಮ್ಮ ಸೀಮೆಯಲ್ಲಿ ಆ ಬೋರ್ಡಿನ ಪಾಡು ಏನಾದೀತು ಎಂದು ಯೋಚಿಸಿ.

ಮೊದಲು ಜೀವದ ಮಾತು

ಟ್ಯೂಬ್ ಆಂಪ್ ಒಳಗೆ 350ರಿಂದ 500 ವೋಲ್ಟ್ ಡಿಸಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಡಿಸಿಯ ಏರಿಳಿತ ಅಡಗಿಸುವ ಫಿಲ್ಟರ್ ಕೆಪಾಸಿಟರ್‌ಗಳು ಅದನ್ನು ಹಿಡಿದಿಟ್ಟುಕೊಂಡಿರಬಹುದು. ಒಳಗೆ ಏನನ್ನೂ ಮುಟ್ಟುವ ಮುಂಚೆ ಪ್ಲಗ್ ಕಿತ್ತು, ಹಿಂಬದಿಯ ಹಲಗೆ ಬಿಚ್ಚಿ, ಷಾಸಿ ಹೊರತೆಗೆದು, 10 ಕಿಲೋ ಓಮ್, 10 ವ್ಯಾಟ್‌ನ ರೆಸಿಸ್ಟರಿಗೆ ಎರಡು ಕಡೆ ಇನ್ಸುಲೇಶನ್ ಇರುವ ಕ್ಲಿಪ್ ಬೆಸೆದು, ಒಂದನ್ನು ಷಾಸಿಗೂ ಇನ್ನೊಂದನ್ನು ಪ್ರತಿ ಫಿಲ್ಟರ್ ಕೆಪಾಸಿಟರಿನ ಪ್ಲಸ್ ಕಾಲಿಗೂ ಹತ್ತು ಸೆಕೆಂಡ್ ಹಿಡಿಯಿರಿ. ಆಮೇಲೆ ಮೀಟರನ್ನು 1000 ವೋಲ್ಟ್ ಡಿಸಿಗೆ ಇಟ್ಟು ಅಳೆದು, 10 ವೋಲ್ಟಿಗಿಂತ ಕೆಳಗೆ ಇಳಿದಿದೆ ಎಂದು ಖಾತ್ರಿಯಾದ ಮೇಲಷ್ಟೇ ಕೈ ಹಾಕಿ. ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡಿ ಕಿಡಿ ಹಾರಿಸುವುದು ಬೇಡ. ಬೋರ್ಡಿನ ತಾಮ್ರದ ಗೆರೆ ಎದ್ದು ಬರುತ್ತದೆ. ಚಾಲೂ ಇರುವಾಗ ಅಳೆಯಬೇಕಾದರೆ ಒಂದು ಕೈ ಜೇಬಿನಲ್ಲಿರಲಿ, ಕಾಲಲ್ಲಿ ಒಣ ರಬ್ಬರ್ ಚಪ್ಪಲಿ ಇರಲಿ, ಪಕ್ಕದಲ್ಲಿ ಮೇನ್ ಸ್ವಿಚ್ ಗೊತ್ತಿರುವ ಇನ್ನೊಬ್ಬರಿರಲಿ. ಮೀಟರಿನ ಪ್ರೋಬ್ ಅಷ್ಟು ವೋಲ್ಟ್ ತಾಳುವಂಥದ್ದೇ ಎಂದು ನೋಡಿಕೊಳ್ಳಿ. ಇದು ನಿಮ್ಮಿಂದಾಗದು ಎನಿಸಿದರೆ, ಷಾಸಿ ಬಿಚ್ಚದೆ ಮಾಡಬಹುದಾದ ಪರೀಕ್ಷೆಗಳೇ ಈ ಬರಹದಲ್ಲಿ ಬೇಕಾದಷ್ಟಿವೆ.

ಸ್ಪೀಕರ್ ಜೋಡಿಸದೆ ಟ್ಯೂಬ್ ಆಂಪ್ ಎಂದೂ ಚಾಲೂ ಮಾಡಬೇಡಿ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟರೆ ಆ ರಿಪೇರಿ ಆಂಪ್‌ನ ಅರ್ಧ ಬೆಲೆಯನ್ನೇ ನುಂಗಬಹುದು. ಸ್ಪೀಕರಿಗೆ ಗಿಟಾರ್ ವೈರ್ ಹಾಕುವುದೂ ಇದೇ ಜಾತಿಯ ತಪ್ಪು. ಅದರೊಳಗಿನ ಎಳೆ ಸಣ್ಣದು, ಕಾದು ಶಾರ್ಟ್ ಆಗುತ್ತದೆ.

ಗೋಡೆಯ ಪ್ಲಗ್ಗಿನಿಂದ ಶುರು

ಮೀಟರಿನಲ್ಲಿ ಮೂರು ಅಳತೆ ತೆಗೆದುಕೊಳ್ಳಿ: ಫೇಸ್‌ನಿಂದ ನ್ಯೂಟ್ರಲ್, ಫೇಸ್‌ನಿಂದ ಅರ್ಥ್, ನ್ಯೂಟ್ರಲ್‌ನಿಂದ ಅರ್ಥ್. ಮೊದಲೆರಡು 230ರ ಆಸುಪಾಸಿನಲ್ಲಿರಬೇಕು, ಮೂರನೆಯದು ಎರಡು ಮೂರು ವೋಲ್ಟ್ ದಾಟಬಾರದು. ಫೇಸ್‌ನಿಂದ ಅರ್ಥಿಗೆ 100 ಅಥವಾ 120 ತೋರಿಸಿ ಸುಮ್ಮನೆ ಓಲಾಡುತ್ತಿದ್ದರೆ ಅಲ್ಲಿ ಅರ್ಥಿಂಗೇ ಇಲ್ಲವೆಂದು ತಿಳಿಯಿರಿ. ಕಲಬುರಗಿಯ ಕಪ್ಪು ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟು ಅರ್ಥ್ ಸಲಾಕಿಯ ಸುತ್ತ ಸಂದು ಮಾಡುತ್ತದೆ. ಬೀದರಿನ ಜಂಬಿಟ್ಟಿಗೆಯ ನೆಲ ನೀರು ಹಿಡಿಯದೆ ಬೇಗ ಒಣಗುತ್ತದೆ. ಮಳೆಗಾಲದಲ್ಲಿ ಸುಮ್ಮನಿದ್ದ ಆಂಪ್ ಏಪ್ರಿಲ್‌ನಲ್ಲಿ ಗುಂಯ್‌ಗುಡಲು ಶುರುಮಾಡಿದರೆ ಮೊದಲು ಅರ್ಥ್ ಗುಂಡಿಗೆ ಎರಡು ಕೊಡ ನೀರು ಹಾಕಿ, ಮತ್ತೆ ಅಳೆದು ನೋಡಿ. ಸದ್ದು ಕಡಿಮೆ ಮಾಡಲೆಂದು ಪ್ಲಗ್ಗಿನ ಅರ್ಥ್ ಪಿನ್ ಕತ್ತರಿಸುವವರಿದ್ದಾರೆ. ಅದನ್ನು ಯಾವ ಕಾರಣಕ್ಕೂ ಮಾಡಬೇಡಿ: ಒಂದು ಕೈ ಗಿಟಾರ್ ತಂತಿಯ ಮೇಲೆ, ತುಟಿ ಮೈಕಿಗೆ, ಆ ಸ್ಥಿತಿಯಲ್ಲಿ ಕರೆಂಟ್ ಎದೆಯ ಮೂಲಕವೇ ಹಾಯುತ್ತದೆ.

ವೋಲ್ಟೇಜ್ ಏರಿಳಿತವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಟ್ಯೂಬಿನ ಹೀಟರಿಗೆ 6.3 ವೋಲ್ಟ್ ಬೇಕು, ಹತ್ತು ಶೇಕಡಾ ಆಚೀಚೆ ನಡೆಯುತ್ತದೆ. ಗೋಡೆಯಲ್ಲಿ 200 ಇದ್ದರೆ ಹೀಟರಿಗೆ ಸಿಗುವುದು 5.5, ಆಗ ಧ್ವನಿ ಮಂಕು, ಒತ್ತು ಇಲ್ಲ, ಆಂಪ್ ಸಪ್ಪೆ. 255ಕ್ಕೆ ಏರಿದರೆ ಹೀಟರಿಗೆ 7, ಟ್ಯೂಬಿನ ಪ್ಲೇಟಿನ (ಒಳಗಿನ ಬೂದು ತಗಡಿನ) ವೋಲ್ಟೇಜೂ ಅದೇ ಪ್ರಮಾಣದಲ್ಲಿ ಮೇಲೆ. 40 ವ್ಯಾಟ್‌ನ ಆಂಪಿಗೆ 500 ವಿಎ ಸ್ಟೆಬಿಲೈಜರ್ ಸಾಕಾಗುತ್ತದೆ. ಸರ್ವೊ ಬಗೆಯದಾದರೆ ಒಳ್ಳೆಯದು, ರಿಲೇ ಬಗೆಯದು ಹಂತ ಬದಲಿಸುವಾಗ ಸ್ಪೀಕರಿನಲ್ಲಿ ಟಕ್ ಎನ್ನುತ್ತದೆ. ಚೌಕ ಅಲೆಯ ಇನ್ವರ್ಟರಿನ ಮೇಲೆ ಟ್ಯೂಬ್ ಆಂಪ್ ನಡೆಸಬೇಡಿ. ಜನರೇಟರ್ ಮೇಲೆ ಕಾರ್ಯಕ್ರಮವಾದರೆ ಲೈಟಿನವರು ಎಲ್ಲ ಲೈಟ್ ಹಾಕಿದ ಮೇಲೊಮ್ಮೆ, ಆರಿಸಿದ ಮೇಲೊಮ್ಮೆ ಅಳೆದು, ಎರಡೂ ಸರಿಯಿದ್ದರೆ ಮಾತ್ರ ಆಂಪ್ ಚುಚ್ಚಿ.

ಅಮೆರಿಕದಿಂದ ನೆಂಟರು ತಂದುಕೊಟ್ಟ ಆಂಪ್ ಆದರೆ ಹಿಂಬದಿಯ ಚೀಟಿ ಓದಿ. 120 ವೋಲ್ಟ್ ಎಂದಿದ್ದರೆ 230ರಿಂದ 120ಕ್ಕೆ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು, ಆಂಪ್ ಎಳೆಯುವ ವ್ಯಾಟಿನ ಎರಡರಷ್ಟು ವಿಎ ಇರಲಿ. ಫ್ಯೂಸಿನಲ್ಲೂ ಎಚ್ಚರ: ಒಂದೇ ಮಾದರಿಯ 120 ವೋಲ್ಟ್ ಆವೃತ್ತಿಗೆ ಹಾಕುವ ಮೇನ್ ಫ್ಯೂಸಿನ ಸುಮಾರು ಅರ್ಧದಷ್ಟೇ 230ರ ಆವೃತ್ತಿಗೆ. ಅಮೆರಿಕದ ವಿಡಿಯೊ ನೋಡಿ ಫ್ಯೂಸ್ ಕೊಂಡರೆ ರಕ್ಷಣೆ ಅರ್ಧವಾಗುತ್ತದೆ.

'ಗುಂಯ್ ಅಂತದ್ರಿ'

ಗುಂಯ್‌ನಲ್ಲಿ ಎರಡು ಬಗೆ. ಎರಡನ್ನೂ ಬೇರೆ ಮಾಡಲು ಉಪಕರಣ ಬೇಡ, ಗಿಟಾರೇ ಸಾಕು. ಶ್ರುತಿ ಮಾಡಿದ ಗಿಟಾರಿನ ಆರನೇ ತಂತಿಯ ಮೂರನೇ ಫ್ರೆಟ್ ಒತ್ತಿ ಮೀಟಿ: ಆ ಜಿ ಸ್ವರ 98 ಹರ್ಟ್ಜ್. ಆಂಪ್‌ನ ಗುಂಯ್ ಇದರ ಜೊತೆ ಹೆಚ್ಚು ಕಡಿಮೆ ಕೂಡಿಕೊಂಡರೆ ಅದು 100 ಹರ್ಟ್ಜ್, ಅಂದರೆ ಎಸಿಯನ್ನು ಡಿಸಿ ಮಾಡಿದ ಮೇಲೆ ಉಳಿದ ಅಲೆ. ಸಂಶಯ ಫಿಲ್ಟರ್ ಕೆಪಾಸಿಟರ್ ಮೇಲೆ ಇಲ್ಲವೇ ಜೋಡಿ ತಪ್ಪಿದ ಪವರ್ ಟ್ಯೂಬಿನ ಮೇಲೆ. ಒಂದು ಸಪ್ತಕ ಕೆಳಗೆ, ಮೆತ್ತಗೆ ಗೊಣಗಿದಂತಿದ್ದರೆ ಅದು 50 ಹರ್ಟ್ಜ್; ಆಗ ಅರ್ಥ್ ಸುತ್ತು (ಎರಡು ದಾರಿಯಲ್ಲಿ ಅರ್ಥ್ ಸೇರಿ ಆಗುವ ಗ್ರೌಂಡ್ ಲೂಪ್), ಹೀಟರ್ ವೈರಿಂಗ್, ಇಲ್ಲವೇ ಗಿಟಾರ್ ಪಿಕಪ್ಪು. ವಿಡಿಯೊಗಳಲ್ಲಿ ಹೇಳುವ 60, 120ರ ಲೆಕ್ಕ ಅಮೆರಿಕದ ಕರೆಂಟಿನದು, ಇಲ್ಲಿ ಹೊಂದುವುದಿಲ್ಲ.

ಗಿಟಾರ್ ಹಿಡಿದು ನಿಂತಲ್ಲೇ ಸುತ್ತು ತಿರುಗಿ. ಯಾವುದೋ ಒಂದು ದಿಕ್ಕಿಗೆ ಸದ್ದು ಕಡಿಮೆಯಾದರೆ ಪಿಕಪ್ ಗಾಳಿಯಿಂದ ಹಿಡಿಯುತ್ತಿದೆ. ಫ್ಯಾನ್ ರೆಗ್ಯುಲೇಟರ್, ಎಲ್‌ಇಡಿ ಡ್ರೈವರ್, ವೇದಿಕೆಯ ಡಿಮ್ಮರ್ ಆರಿಸಿ ನೋಡಿ. ಈಗ ಗಿಟಾರ್ ವೈರನ್ನೇ ಕಿತ್ತುಬಿಡಿ. ಸದ್ದು ಪೂರ್ತಿ ಹೋದರೆ ಆಂಪ್‌ನಲ್ಲಿ ದೋಷವಿಲ್ಲ. ಉಳಿದರೆ ವಾಲ್ಯೂಮ್ ಸೊನ್ನೆಗೆ ತನ್ನಿ. ಸೊನ್ನೆಯಲ್ಲೂ ಅಷ್ಟೇ ಗುಂಯ್ ಎಂದರೆ ದೋಷ ವಾಲ್ಯೂಮಿನ ನಂತರದ ಭಾಗದಲ್ಲಿ, ಅಂದರೆ ಪವರ್ ಟ್ಯೂಬ್ ಅಥವಾ ಸಪ್ಲೈಯಲ್ಲಿ. ವಾಲ್ಯೂಮಿನ ಜೊತೆ ಏರಿಳಿದರೆ ಪ್ರಿಆಂಪ್ ಕಡೆ, ಅಂದರೆ ಗಿಟಾರಿನ ಸಣ್ಣ ಸಿಗ್ನಲ್ಲನ್ನು ಮೊದಲು ಹಿಗ್ಗಿಸುವ ಭಾಗದಲ್ಲಿ.

ಪ್ರಿಆಂಪ್ ಕಡೆಯಾದರೆ ಆಂಪ್ ಆರಿಸಿ, ತಣಿಸಿ, ಇನ್‌ಪುಟ್ಟಿಗೆ ಹತ್ತಿರದ ಮೊದಲ 12ಎಎಕ್ಸ್7 (ಸಣ್ಣ ಪ್ರಿಆಂಪ್ ಟ್ಯೂಬ್) ತೆಗೆದು ಮತ್ತೆ ಚಾಲೂ ಮಾಡಿ. ಸದ್ದು ನಿಂತರೆ ಆ ಟ್ಯೂಬ್ ಅಥವಾ ಅದರ ಹಿಂದಿನ ಭಾಗ. ನಿಲ್ಲದಿದ್ದರೆ ಎರಡನೆಯದು, ಮೂರನೆಯದು. ಇಸಿಸಿ83 ಎಂದು ಬರೆದಿದ್ದರೂ ಅದು 12ಎಎಕ್ಸ್7 ಟ್ಯೂಬೇ. ಕೆಲವು ಹೊಸ ಮಾದರಿಗಳಲ್ಲಿ ಪ್ರಿಆಂಪ್ ಹೀಟರುಗಳನ್ನು ಒಂದರ ಹಿಂದೆ ಒಂದು ಜೋಡಿಸಿರುತ್ತಾರೆ. ಒಂದು ಕಿತ್ತರೆ ಇನ್ನೊಂದೂ ಆರುತ್ತದೆ. ಅಲ್ಲಿ ಈ ಪರೀಕ್ಷೆ ದಾರಿ ತಪ್ಪಿಸುತ್ತದೆ, ತೆಗೆಯುವ ಬದಲು ಒಳ್ಳೆಯ ಟ್ಯೂಬ್ ಹಾಕಿ ನೋಡಬೇಕು.

ಪವರ್ ಕಡೆ 100 ಹರ್ಟ್ಜ್ ಗುಂಯ್ ಜೊತೆಗೆ ಧ್ವನಿಯೂ ಅರ್ಧ ಕುಸಿದಿದ್ದರೆ ಜೋಡಿಯಲ್ಲಿ ಒಂದು ಪವರ್ ಟ್ಯೂಬ್ ಕೆಲಸ ಬಿಟ್ಟಿದೆ. ಎರಡು ಟ್ಯೂಬ್ ಎದುರುಬದುರು ಕೆಲಸ ಮಾಡುವಾಗ ಸಪ್ಲೈಯ ಅಲೆ ಒಂದನ್ನೊಂದು ಕೊಂದುಕೊಳ್ಳುತ್ತದೆ. ಒಂದು ಸುಮ್ಮನಾದರೆ ಆ ಅಲೆ ಸ್ಪೀಕರಿಗೆ ಬರುತ್ತದೆ. ಎರಡೂ ಸರಿಯಿದ್ದರೆ ಕೆಪಾಸಿಟರ್ ನೋಡಿ: ತಲೆ ಉಬ್ಬಿದೆಯೆ, ಬುಡದಲ್ಲಿ ಅಂಟು ಕಾಣುತ್ತದೆಯೆ. ಮೊದಲ ಫಿಲ್ಟರಿನ ಮೇಲೆ ಎಸಿ ಅಳೆದರೆ ಕೆಲವು ವೋಲ್ಟ್ ಕಾಣುವುದು ಸಹಜ. ಮೀಟರ್ ಕೈಗೆ 0.1 ಮೈಕ್ರೊಫ್ಯಾರಡ್, 630 ವೋಲ್ಟಿನ ಕೆಪಾಸಿಟರ್ ಸರಣಿಯಲ್ಲಿ ಇಟ್ಟುಕೊಂಡು ಅಳೆಯಿರಿ. 15 ದಾಟಿದರೆ ಅದರ ಆಯುಷ್ಯ ಮುಗಿದಿದೆ. ಬದಲಿಸುವಾಗ ಮೈಕ್ರೊಫ್ಯಾರಡ್ ಅಷ್ಟೇ ಇರಲಿ, ವೋಲ್ಟ್ ಅಷ್ಟೇ ಅಥವಾ ಹೆಚ್ಚಿರಲಿ, 105 ಡಿಗ್ರಿಯದ್ದೇ ಇರಲಿ. ಬಿಸಿ ಹತ್ತು ಡಿಗ್ರಿ ಏರಿದರೆ ಆಯುಷ್ಯ ಅರ್ಧವಾಗುತ್ತದೆ ಎಂಬುದು ಈ ಕೆಪಾಸಿಟರುಗಳ ಹಳೆಯ ಲೆಕ್ಕ. ನಮ್ಮ ಬೇಸಿಗೆಯಲ್ಲಿ 85 ಡಿಗ್ರಿಯದನ್ನು ಹಾಕಿ ಉಳಿಸಿದ ಹತ್ತಿಪ್ಪತ್ತು ರೂಪಾಯಿ ಉಳಿತಾಯವಲ್ಲ.

'ಆವಾಜ್ ಒಮ್ಮಿಗೇ ಹೋಗ್ತದ, ಮತ್ ಬರ್ತದ'

ಟ್ಯೂಬಿನ ತಲೆಗೆ ಅತಿ ಹೆಚ್ಚು ಅಪವಾದ ತಂದ ದೋಷ ಇದು. ಬಹುತೇಕ ಸಲ ಕಾರಣ ಹಿಂಬದಿಯ ಎಫೆಕ್ಟ್ಸ್ ಲೂಪ್ ಜಾಕು, ಅಂದರೆ ಎಫೆಕ್ಟ್ ಪೆಡಲಿಗೆ ಸಿಗ್ನಲ್ ಕಳಿಸುವ 'ಸೆಂಡ್', ಮರಳಿ ಪಡೆಯುವ 'ರಿಟರ್ನ್' ಎಂಬ ಜೋಡಿ. ಅಲ್ಲಿ ಏನೂ ಚುಚ್ಚದಿದ್ದಾಗ ರಿಟರ್ನ್ ಜಾಕಿನೊಳಗಿನ ಸಣ್ಣ ಲೋಹದ ಎಲೆ ಇನ್ನೊಂದಕ್ಕೆ ಆತುಕೊಂಡು ಸಿಗ್ನಲ್ ದಾಟಿಸುತ್ತದೆ. ಆ ಲೂಪನ್ನು ವರ್ಷಗಟ್ಟಲೆ ಯಾರೂ ಬಳಸುವುದಿಲ್ಲ. ಬಾಯಿ ತೆರೆದೇ ಇರುತ್ತದೆ. ಶಹಾಬಾದ್ ಕಡೆಯ ಫರ್ಸಿ ಕೊಯ್ಯುವ ಪುಡಿ, ವಾಡಿ ಸೇಡಂ ಕಡೆಯ ಸಿಮೆಂಟಿನ ಧೂಳು, ತೊಗರಿ ರಾಶಿಯ ಹೊಟ್ಟು ಹೋಗಿ ಕೂರುತ್ತದೆ, ಮಳೆಗಾಲದ ತೇವ ಸೇರಿ ಎಲೆಯ ಮೇಲೆ ಕಂದು ಪದರ ಕಟ್ಟುತ್ತದೆ. ಸದ್ದು ಸಣ್ಣದಿದ್ದಾಗ ದಾಟುವುದಿಲ್ಲ, ಜೋರಾಗಿ ಬಾರಿಸಿದಾಗ ಒಮ್ಮೆಗೇ ದಾಟುತ್ತದೆ.

ಪರೀಕ್ಷೆಗೆ ಅರ್ಧ ನಿಮಿಷ. ಒಂದು ಗಿಡ್ಡ ಪ್ಯಾಚ್ ವೈರ್ ತೆಗೆದುಕೊಂಡು ಸೆಂಡ್‌ನಿಂದ ರಿಟರ್ನ್‌ಗೆ ಚುಚ್ಚಿ. ಪ್ರಿಆಂಪ್ ಔಟ್, ಪವರ್ ಆಂಪ್ ಇನ್ ಎಂದು ಬರೆದಿದ್ದರೂ ಇದೇ ಕೆಲಸ. ಧ್ವನಿ ನಿಂತು ನಿಂತು ಬರುವುದು ತಪ್ಪಿದರೆ ದೋಷ ಸಿಕ್ಕಿತು; ಅವತ್ತಿನ ಕಾರ್ಯಕ್ರಮವನ್ನು ಆ ವೈರ್ ಹಾಗೇ ಇಟ್ಟು ಮುಗಿಸಬಹುದು. ಕಾಯಂ ಪರಿಹಾರಕ್ಕೆ ಆಂಪ್ ಆರಿಸಿ, ಜಾಕಿಗೆ ಎಲೆಕ್ಟ್ರಾನಿಕ್ಸ್ ಕಾಂಟ್ಯಾಕ್ಟ್ ಕ್ಲೀನರ್ ಎರಡು ಹನಿ ಸಿಂಪಡಿಸಿ ಪ್ಲಗ್ಗನ್ನು ಇಪ್ಪತ್ತು ಸಲ ಒಳಗೆ ಹೊರಗೆ ಆಡಿಸಿ. ಬಾಗಿಲ ಕೀಲಿಗೆ ಹೊಡೆಯುವ ಎಣ್ಣೆಯ ಸ್ಪ್ರೇ ಹೊಡೆದರೆ ಧೂಳು ಇನ್ನಷ್ಟು ಅಂಟಿಕೊಳ್ಳುತ್ತದೆ. ಎಲೆ ಸಡಿಲಾಗಿದ್ದರೆ ಜಾಕನ್ನೇ ಬದಲಿಸಬೇಕು. ಆಮೇಲೆ ಎರಡೂ ಬಾಯಿಗೆ ಖಾಲಿ ಪ್ಲಗ್ ಮುಚ್ಚಬೇಡಿ: ರಿಟರ್ನ್‌ಗೆ ಪ್ಲಗ್ ಹೋದರೆ ಸಿಗ್ನಲ್ ಕಡಿಯುತ್ತದೆ. ಬಟ್ಟೆಯ ಹೊದಿಕೆ ಸಾಕು.

ಲೂಪ್ ಅಲ್ಲವೆಂದಾದರೆ ಇನ್‌ಪುಟ್ ಜಾಕ್. ಚುಚ್ಚಿದ ಪ್ಲಗ್ಗನ್ನು ಮೆಲ್ಲಗೆ ನಾಲ್ಕು ದಿಕ್ಕಿಗೆ ಒತ್ತಿ. ಒಂದೇ ದಿಕ್ಕಿಗೆ ಸದ್ದು ಹೋದರೆ ಬೋರ್ಡಿನಲ್ಲಿ ಜಾಕಿನ ಕಾಲಿನ ಸುತ್ತ ಉಂಗುರದಂಥ ಬಿರುಕು ಇದೆ, ಟಿವಿ ಮೆಕ್ಯಾನಿಕ್‌ಗಳು ಡ್ರೈ ಸೋಲ್ಡರ್ ಎನ್ನುವುದು ಇದನ್ನೇ. ಭೂತಗನ್ನಡಿಯಲ್ಲಿ ನೋಡಿದರೆ ಕೂದಲೆಳೆಯ ಕಪ್ಪು ವೃತ್ತ ಕಾಣುತ್ತದೆ. ಇದನ್ನು ಮತ್ತೆ ಬೆಸೆಯುವುದರ ಜೊತೆಗೆ ಜಾಕಿನ ನಟ್ಟು ಮುಂಬದಿಯ ಫಲಕಕ್ಕೆ ಬಿಗಿಯಾಗಿದೆಯೇ ನೋಡಿ. ನಟ್ಟು ಸಡಿಲಿದ್ದರೆ ಎಳೆತವೆಲ್ಲ ಬೆಸುಗೆಗೆ ಬೀಳುತ್ತದೆ, ಮೂರು ತಿಂಗಳಿಗೆ ಮತ್ತೆ ಅದೇ ಕಥೆ. ಹೆಚ್ಚು ತಿರುಗಾಟದ ಆಂಪ್ ಆದರೆ ಬೋರ್ಡ್ ಜಾಕ್ ತೆಗೆದುಹಾಕಿ, ಷಾಸಿಗೆ ಬಿಗಿಯುವ ಲೋಹದ ಜಾಕ್ ಕೂರಿಸಿ ಬೋರ್ಡಿಗೆ ಗಿಡ್ಡ ವೈರ್ ಎಳೆಯುವುದೇ ಸರಿಯಾದ ದಾರಿ. ಕೊಳ್ಳುವಾಗ ಖಾಲಿಯಿದ್ದಾಗ ಸಿಗ್ನಲ್ಲನ್ನು ಗ್ರೌಂಡಿಗೆ (ಷಾಸಿಗೆ) ಸೇರಿಸುವ ಸ್ವಿಚ್ ಇರುವ ಜಾಕೇ ಕೇಳಿ, ಇಲ್ಲವಾದರೆ ವೈರ್ ಕಿತ್ತಾಗ ಆಂಪ್ ಅರಚುತ್ತದೆ.

'ಚರಚರ, ಪಟಪಟ'

ಪಾಟ್ ತಿರುಗಿಸುವಾಗ ಮಾತ್ರ ಚರಚರ ಎಂದರೆ ಎಲ್ಲರೂ ಕ್ಲೀನರ್ ಹೊಡೆಯುತ್ತಾರೆ. ಎರಡು ವಾರಕ್ಕೆ ಮತ್ತೆ ಶುರುವಾದರೆ ತಪ್ಪು ಪಾಟಿನದಲ್ಲ. ಆಂಪ್ ಚಾಲೂ ಇಟ್ಟು ಪಾಟಿನ ಕಾಲುಗಳ ಮೇಲೆ ಡಿಸಿ ಅಳೆಯಿರಿ. 0.1 ವೋಲ್ಟಿಗಿಂತ ಹೆಚ್ಚು ಇದ್ದರೆ ಹಿಂದಿನ ಟ್ಯೂಬಿನ ಪ್ಲೇಟಿನಿಂದ ಬರುವ ಡಿಸಿ ತಡೆಯಬೇಕಾದ ಕಪ್ಲಿಂಗ್ ಕೆಪಾಸಿಟರ್ ಸೋರುತ್ತಿದೆ. ಸಾಮಾನ್ಯವಾಗಿ ಅದು 22 ನ್ಯಾನೊಫ್ಯಾರಡ್. 400 ಅಥವಾ 630 ವೋಲ್ಟಿನ ಫಿಲ್ಮ್ ಕೆಪಾಸಿಟರ್ ಹಾಕಿ. ಕೆಲವು ಸರ್ಕ್ಯೂಟ್‌ಗಳಲ್ಲಿ ಒಂದೆರಡು ಪಾಟುಗಳ ಮೇಲೆ ಡಿಸಿ ಬೇಕೆಂದೇ ಬಿಟ್ಟಿರುತ್ತಾರೆ, ನಕ್ಷೆ ನೋಡಿಯೇ ತೀರ್ಮಾನಿಸಿ.

ಏನೂ ಮುಟ್ಟದೆ ಕೂತಾಗಲೂ ಪಟಪಟ ಎಂದರೆ ಒಣ ಬಿದಿರುಕಡ್ಡಿಯಿಂದ ಒಂದೊಂದೇ ಟ್ಯೂಬನ್ನು ಮೆಲ್ಲಗೆ ತಟ್ಟಿ. ಮೊದಲ 12ಎಎಕ್ಸ್7 ಸ್ವಲ್ಪ ಟಿಂಗ್ ಎನ್ನುವುದು ದೋಷವಲ್ಲ. ತಟ್ಟಿದ ಮೇಲೂ ಗಂಟೆಯಂತೆ ಅನುರಣಿಸಿದರೆ, ಪಟಪಟ ಸಿಡಿದರೆ ಮಾತ್ರ ಸಂಶಯ. ಆಗಲೂ ಟ್ಯೂಬನ್ನೇ ದೂರಬೇಡಿ: ಅದನ್ನು ಪಕ್ಕದ ಸಾಕೆಟ್ಟಿನ ಅದೇ ಜಾತಿಯ ಟ್ಯೂಬಿನ ಜೊತೆ ಅದಲುಬದಲು ಮಾಡಿ. ಪಟಪಟ ಟ್ಯೂಬಿನ ಜೊತೆ ಹೋದರೆ ಟ್ಯೂಬ್, ಅದೇ ಜಾಗದಲ್ಲಿ ಉಳಿದರೆ ಸಾಕೆಟ್. ಸಾಕೆಟ್ಟಿನ ತೂತು ಹಿಗ್ಗಿ ಪಿನ್ ಹಿಡಿಯದಿದ್ದರೆ, ಆಂಪ್ ಆರಿಸಿ ಕೆಪಾಸಿಟರ್ ಖಾಲಿ ಮಾಡಿದ ಮೇಲೆ, ದಪ್ಪ ಹೊಲಿಗೆ ಸೂಜಿಯಿಂದ ಒಳಗಿನ ಹಿಡಿಕೆಯನ್ನು ಒಂದಿಷ್ಟು ಬಿಗಿ ಮಾಡಬಹುದು. ಇಪ್ಪತ್ತು ನಿಮಿಷ ಕಾದ ಮೇಲಷ್ಟೇ ಬರುವ ಪಟಪಟ ಬಿರುಕಿನ ಗುರುತು: ಬಿಸಿಗೆ ಬೋರ್ಡ್ ಹಿಗ್ಗಿದಾಗ ಸಂದು ಬಿಡುತ್ತದೆ. ಪವರ್ ಸಾಕೆಟ್ಟಿನ ಕಾಲುಗಳೇ ಮೊದಲ ಜಾಗ.

ಎರಡು ರೆಸಿಸ್ಟರಿನ ಕತೆ

ಫೆಂಡರ್ ಹಾಟ್ ರಾಡ್ ಡಿಲಕ್ಸ್ 1996ರಿಂದ ಮಾರುಕಟ್ಟೆಯಲ್ಲಿದೆ, 40 ವ್ಯಾಟ್, ಎರಡು 6ಎಲ್6, ಮೂರು 12ಎಎಕ್ಸ್7. ಚಾನೆಲ್ ಬದಲಾಗುವುದಿಲ್ಲ, ರಿವರ್ಬ್ ಇಲ್ಲ, ಸದ್ದು ಕುಸಿಯುತ್ತದೆ, ತಟ್ಟಿದರೆ ಸರಿಯಾಗುತ್ತದೆ: ಈ ಲಕ್ಷಣ ಒಟ್ಟಿಗೆ ಬಂದರೆ ಬೋರ್ಡಿನ ಮೇಲೆ ಆರ್78, ಆರ್79 ಎಂಬ ಎರಡು ಬಿಳಿ ಸಿಮೆಂಟ್ ರೆಸಿಸ್ಟರುಗಳನ್ನು ಹುಡುಕಿ. ಎರಡೂ 470 ಓಮ್, 5 ವ್ಯಾಟ್. ರಿಲೇ ಮತ್ತು ಐಸಿಗಳಿಗೆ ಬೇಕಾದ ಪ್ಲಸ್ 16, ಮೈನಸ್ 16 ವೋಲ್ಟ್ ಇವುಗಳ ಮೂಲಕವೇ ಬರುತ್ತದೆ. ಯಾವಾಗಲೂ ಕುದಿಯುವಷ್ಟು ಬಿಸಿಯಿರುವುದರಿಂದ ಕಾಲಿನ ಬೆಸುಗೆ ಒಣಗಿ ಬಿಡುತ್ತದೆ, ಸುತ್ತಲಿನ ಬೋರ್ಡ್ ಕಂದಾಗುತ್ತದೆ.

ಪಕ್ಕದ ಜೀನರ್ ಡಯೋಡುಗಳ ಮೇಲೆ ಅಳೆಯಿರಿ. ಎರಡೂ 16ರ ಹತ್ತಿರವಿದ್ದರೆ ದೋಷ ಬೇರೆ ಕಡೆ. ಒಂದು ಕಾಣೆಯಾಗಿದ್ದರೆ ಅಥವಾ ಬೋರ್ಡ್ ಒತ್ತಿದಾಗ ಓಲಾಡಿದರೆ ರೆಸಿಸ್ಟರ್ ತೆಗೆದು, ಹೊಸದನ್ನು ಬೋರ್ಡಿಗೆ ಅಂಟಿಸದೆ 8ರಿಂದ 10 ಮಿಲಿಮೀಟರ್ ಎತ್ತರದಲ್ಲಿ ನಿಲ್ಲಿಸಿ ಬೆಸೆಯಿರಿ. ಅಡಿಯಲ್ಲಿ ಗಾಳಿ ಆಡಬೇಕು. ತಾಮ್ರದ ಗೆರೆ ಎದ್ದಿದ್ದರೆ ಕಾಲನ್ನೇ ಮಡಚಿ ಗೆರೆಯುದ್ದಕ್ಕೂ ಬೆಸೆಯಿರಿ. ಬಹಳ ಜನ ಇದೇ ದೋಷಕ್ಕೆ ಐದೂ ಟ್ಯೂಬ್ ಬದಲಿಸಿ ಆಂಪನ್ನೇ ಮಾರಿಬಿಡುತ್ತಾರೆ. ಎರಡು ರೆಸಿಸ್ಟರಿನ ಬೆಲೆ ಒಂದು ಚಹಾ ಮಿರ್ಚಿಗಿಂತ ಹೆಚ್ಚಿರುವುದಿಲ್ಲ.

ಪ್ಲೇಟ್ ಕೆಂಪಾದಾಗ

ಪವರ್ ಟ್ಯೂಬಿನೊಳಗಿನ ಬೂದು ತಗಡು ಕೆಂಪಗೆ ಹೊಳೆದರೆ ತಕ್ಷಣ ಆರಿಸಿ. ನಡುವಿನ ಹೀಟರಿನ ಕಿತ್ತಳೆ ಬೆಳಕು ಸಹಜ, ಗಾಜಿನ ಮೇಲಿನ ನೀಲಿ ಛಾಯೆಯೂ ಸಹಜ; ತಗಡು ಕೆಂಪಾಗುವುದು ಸಹಜವಲ್ಲ.

ಒಂದೇ ಟ್ಯೂಬ್ ಕೆಂಪಾದರೆ ಜಾಗ ಬದಲಿಸಿ ಕೆಲವೇ ಸೆಕೆಂಡ್ ನೋಡಿ. ಕೆಂಪು ಟ್ಯೂಬಿನ ಜೊತೆ ಹೋಯಿತೆ, ಟ್ಯೂಬ್ ಹೋಗಿದೆ. ಅದೇ ಸಾಕೆಟ್ಟಿನಲ್ಲಿ ಉಳಿಯಿತೆ, ಗ್ರಿಡ್‌ಗೆ ಟ್ಯೂಬಿನ ಕರೆಂಟನ್ನು ಹಿಡಿತದಲ್ಲಿಡುವ ಮೈನಸ್ ವೋಲ್ಟ್, ಅಂದರೆ ಬಯಾಸ್, ತಲುಪುತ್ತಿಲ್ಲ. ಎಲ್ಲ ಪವರ್ ಟ್ಯೂಬ್ ತೆಗೆದು ಪ್ರತಿ ಸಾಕೆಟ್ಟಿನ 5ನೇ ಪಿನ್ ಅಳೆಯಿರಿ. ಇಎಲ್34, 6ಎಲ್6 ಎರಡಕ್ಕೂ ಗ್ರಿಡ್ ಅದೇ ಪಿನ್, ಇಎಲ್84ಕ್ಕೆ 2ನೆಯದು. ದೊಡ್ಡ ಟ್ಯೂಬುಗಳಲ್ಲಿ ಸುಮಾರು ಮೈನಸ್ 35ರಿಂದ 50ರವರೆಗೆ ಇರಬೇಕು. ಒಂದರಲ್ಲಿ ಮಾತ್ರ ಇಲ್ಲದಿದ್ದರೆ ಆ ಸಾಕೆಟ್ಟಿನ ಬಿರುಕು. ಎಲ್ಲದರಲ್ಲೂ ಇಲ್ಲದಿದ್ದರೆ ಬಯಾಸ್ ಡಯೋಡ್, ಅದರ ಕೆಪಾಸಿಟರ್, ಟ್ರಿಮ್ಮರ್.

ಬಯಾಸ್ ಇದ್ದೂ ಅರ್ಧ ಗಂಟೆಯಲ್ಲಿ ಕರೆಂಟ್ ಏರುತ್ತಾ ಹೋಗುವುದು ಇನ್ನೂ ಕುಟಿಲ ದೋಷ. ಮಾರ್ಷಲ್ ಜೆಸಿಎಂ2000 ಸರಣಿಯ ಕೆಲವು ಬೋರ್ಡುಗಳಲ್ಲಿ ಇದು ವಾದಕರೆಲ್ಲ ಬಲ್ಲ ಸಮಸ್ಯೆ: ಬಿಸಿಯಾದಂತೆ ಬೋರ್ಡಿನ ವಸ್ತುವೇ ಕರೆಂಟ್ ಹಾಯಿಸತೊಡಗಿ, ಹೆಚ್ಚಿನ ವೋಲ್ಟಿನ ಗೆರೆಯಿಂದ ಬಯಾಸ್ ಗೆರೆಗೆ ಸೋರುತ್ತದೆ. ಪತ್ತೆ ಹೀಗೆ: ಪವರ್ ಟ್ಯೂಬ್ ತೆಗೆದು, ಆಂಪ್ ಚಾಲೂ ಇಟ್ಟು, 5ನೇ ಪಿನ್ನಿಗೆ ಮೀಟರ್ ಕ್ಲಿಪ್ ಹಾಕಿ, ಹೇರ್ ಡ್ರೈಯರಿನಿಂದ ಬೋರ್ಡ್ ಬಿಸಿ ಮಾಡಿ. ಮೈನಸ್ 42 ಇದ್ದದ್ದು 36ಕ್ಕೆ ಜಾರಿದರೆ ಟ್ಯೂಬಿನ ತಪ್ಪಲ್ಲ. ಫೇಸ್ ಇನ್ವರ್ಟರ್ (ಪವರ್ ಟ್ಯೂಬುಗಳಿಗೆ ಸಿಗ್ನಲ್ ಹಂಚುವ ಟ್ಯೂಬ್) ಕಡೆಯ ಕಪ್ಲಿಂಗ್ ಕೆಪಾಸಿಟರನ್ನು ಒಂದು ಕಾಲು ಎತ್ತಿ ಮತ್ತೆ ಬಿಸಿ ಮಾಡಿ. ಆಗಲೂ ಜಾರಿದರೆ ಬೋರ್ಡೇ. ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಹಳೆಯ ಫ್ಲಕ್ಸ್ ತೊಳೆದರೆ ಕೆಲವೊಮ್ಮೆ ಸಾಕಾಗುತ್ತದೆ. ಇಲ್ಲವಾದರೆ ಗ್ರಿಡ್ ಪಿನ್ನನ್ನು ಬೋರ್ಡಿನ ಗೆರೆಯಿಂದ ಬಿಡಿಸಿ, ಬಯಾಸ್ ಅನ್ನು ಗಾಳಿಯಲ್ಲಿ ತೂಗುವ ಇನ್ಸುಲೇಟೆಡ್ ವೈರಿನಿಂದ ಕೊಡಬೇಕು.

ಬಯಾಸ್ ಹೊಂದಿಸುವ ಲೆಕ್ಕ ಸುಲಭ. ಇಎಲ್34ರ ಪ್ಲೇಟ್ ತಾಳುವುದು 25 ವ್ಯಾಟ್, ಅದರ 70 ಶೇಕಡಾ 17.5. ಪ್ಲೇಟಿನಲ್ಲಿ 450 ವೋಲ್ಟ್ ಇದ್ದರೆ 17.5 ಭಾಗಿಸು 450, ಅಂದರೆ ಏನೂ ಬಾರಿಸದಿದ್ದಾಗ ಟ್ಯೂಬಿಗೆ 39 ಮಿಲಿಆಂಪಿಯರ್. ಟ್ಯೂಬಿನ ಕ್ಯಾಥೋಡಿಗೂ ಷಾಸಿಗೂ ನಡುವಿನ 1 ಓಮ್ ರೆಸಿಸ್ಟರಿನ ಮೇಲೆ ಅಳೆದರೆ ಅದೇ 39 ಮಿಲಿವೋಲ್ಟ್. ಇದು ಗರಿಷ್ಠ ಮಿತಿ. ಬೇಸಿಗೆಯ ಬಯಲು ಕಾರ್ಯಕ್ರಮಗಳಿಗೆ 32ರಿಂದ 35ರಲ್ಲಿ ಇಡುವುದು ಮೇಲು; ಧ್ವನಿಯಲ್ಲಿ ಕಿವಿಗೆ ತಿಳಿಯುವ ನಷ್ಟವಿಲ್ಲ, ಟ್ಯೂಬಿಗೆ ಉಸಿರು ಸಿಗುತ್ತದೆ. ಒಂದೇ ರೆಸಿಸ್ಟರನ್ನು ಎರಡು ಟ್ಯೂಬ್ ಹಂಚಿಕೊಂಡಿದ್ದರೆ ಓದಿದ ಅಂಕಿಯನ್ನು ಎರಡರಿಂದ ಭಾಗಿಸಿ.

ಫ್ಯೂಸ್ ಹಾರಿದರೆ

ಲೈಟ್ ಉರಿಯುತ್ತದೆ, ಹೀಟರ್ ಕೆಂಪಗಿದೆ, ಸದ್ದು ಮಾತ್ರ ಇಲ್ಲ: ಒಳಗೆ ಹೆಚ್ಚಿನ ವೋಲ್ಟಿನ ದಾರಿಯಲ್ಲಿರುವ ಎಚ್‌ಟಿ ಫ್ಯೂಸ್ ನೋಡಿ. ಟಿ ಅಕ್ಷರವಿರುವ ನಿಧಾನ ಫ್ಯೂಸೇ ಹಾಕಬೇಕು. ಫ್ಯೂಸ್ ಹಾರುವುದು ಪವರ್ ಟ್ಯೂಬ್ ಶಾರ್ಟ್ ಆದಾಗಲೇ ಹೆಚ್ಚು; ಜೊತೆಗೆ ಅದರ ಸ್ಕ್ರೀನ್ ರೆಸಿಸ್ಟರೂ ಸುಟ್ಟಿರುತ್ತದೆ, ಹೊಸ ಟ್ಯೂಬ್ ಹಾಕುವ ಮುಂಚೆ ಅಳೆಯಿರಿ. ಬೆಳ್ಳಿ ಕಾಗದ ಸುತ್ತಿ ನಡೆಸಿದರೆ ಮುಂದಿನ ಫ್ಯೂಸ್ ಟ್ರಾನ್ಸ್‌ಫಾರ್ಮರೇ.

ಎರಡನೇ ಸಲವೂ ಹಾರಿದರೆ ಟಿವಿ ರಿಪೇರಿ ಅಂಗಡಿಯ ಸೀರೀಸ್ ಬೋರ್ಡ್ (ಆಂಪಿಗೆ ಹೋಗುವ ಕರೆಂಟ್ ಬಲ್ಬಿನ ಮೂಲಕ ಹಾಯುವ ಬೋರ್ಡ್) ಬಳಸಿ: 100 ವ್ಯಾಟಿನ ಹಳೆಯ ತಂತಿ ಬಲ್ಬ್, ಎಲ್‌ಇಡಿ ಅಲ್ಲ. ಎಲ್ಲ ಟ್ಯೂಬ್ ತೆಗೆದು ಚಾಲೂ ಮಾಡಿದಾಗ ಬಲ್ಬ್ ಒಮ್ಮೆ ಮಿಂಚಿ ಮಂಕಾದರೆ ಟ್ರಾನ್ಸ್‌ಫಾರ್ಮರ್, ಡಯೋಡ್ ಎರಡೂ ಸರಿ. ಪೂರ್ತಿ ಉರಿಯುತ್ತಲೇ ಇದ್ದರೆ ಮೊದಲು 1ಎನ್4007 ಡಯೋಡುಗಳನ್ನು ಅಳೆಯಿರಿ. ಟ್ಯೂಬ್ ಹಾಕಿದ ಮೇಲಷ್ಟೇ ಉರಿದರೆ ಒಂದೊಂದಾಗಿ ತೆಗೆದು ಶಾರ್ಟ್ ಆದದ್ದನ್ನು ಹಿಡಿಯಿರಿ.

ಬೆಸುಗೆ ಹಾಕುವಾಗ

2006ರ ಜುಲೈನಲ್ಲಿ ಯೂರೋಪಿನ ನಿಯಮ ಬಂದ ಮೇಲೆ ಕಾರ್ಖಾನೆಗಳಲ್ಲಿ ಸೀಸವಿಲ್ಲದ ಬೆಸುಗೆ ಬಂತು. ಅದು ಕರಗುವುದು ಸುಮಾರು 217 ಡಿಗ್ರಿಗೆ. ನಮ್ಮಲ್ಲಿ ಸಿಗುವ 60/40 ಸೋಲ್ಡರ್ 183 ದಾಟುತ್ತಲೇ ಮೆತ್ತಗಾಗುತ್ತದೆ. 25 ವ್ಯಾಟಿನ ಐರನ್ ಇಟ್ಟು ಬಹಳ ಹೊತ್ತು ಒತ್ತಿದರೆ ಬೆಸುಗೆ ಕರಗದೆ ಬೋರ್ಡಿನ ತಾಮ್ರದ ಪ್ಯಾಡ್ ಎದ್ದು ಬರುತ್ತದೆ. ಬಿಸಿ ಹೊಂದಿಸುವ ಐರನ್ನನ್ನು 350ರಿಂದ 370ಕ್ಕೆ ಇಟ್ಟು, ಫ್ಲಕ್ಸ್ ಹಚ್ಚಿ, ಮೊದಲು ಸ್ವಲ್ಪ 60/40 ಸೇರಿಸಿ ಹಳೆಯದನ್ನು ಕರಗಿಸಿ, ಪಂಪಿನಿಂದ ಪೂರ್ತಿ ಎಳೆದು, ಆಮೇಲೆ ಹೊಸದು ಹಾಕಿ. ಹಳೆಯ ಬೆಸುಗೆಯ ಮೇಲೆಯೇ ಹೊಸದನ್ನು ಸವರಿದರೆ ಬಿರುಕು ಒಳಗೇ ಉಳಿಯುತ್ತದೆ.

ಫ್ಯೂಸ್, ರೆಸಿಸ್ಟರ್, ಡಯೋಡ್ ಊರಿನ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲೇ ಸಿಗುತ್ತವೆ. 500 ವೋಲ್ಟಿನ ಕೆಪಾಸಿಟರ್, ಸೆರಾಮಿಕ್ ಸಾಕೆಟ್ ಬೇಕಾದರೆ ಹೈದರಾಬಾದಿನ ಕೋಠಿ ಅಥವಾ ಬೆಂಗಳೂರಿನ ಎಸ್.ಪಿ. ರಸ್ತೆ. ಕೆಲಸ ಕೊಡುವುದಾದರೆ ಹಳೆಯ ವಾಲ್ವ್ ರೇಡಿಯೊ ಕಂಡ ಹಿರಿಯ ಮೆಕ್ಯಾನಿಕ್ ಯಾರಾದರೂ ಇದ್ದಾರೆಯೇ ಕೇಳಿ ನೋಡಿ. ಅವರಿಗೆ 400 ವೋಲ್ಟಿನ ಭಯವೂ ಗೊತ್ತು, ಮರ್ಯಾದೆಯೂ ಗೊತ್ತು. ಜೊತೆಗೆ ನಕ್ಷೆಯನ್ನು ಅಚ್ಚು ಹಾಕಿಸಿ ಕೊಡಿ.

ಟ್ಯೂಬಿನ ಸದ್ದನ್ನು ಚಿಪ್ಪಿನಲ್ಲಿ ಅನುಕರಿಸುವ ಡಿಜಿಟಲ್ ಮಾಡೆಲಿಂಗ್ ಆಂಪ್ ಆದರೆ ಈ ಪಟ್ಟಿಯ ಬಹುಭಾಗ ನಿಮಗೆ ಬೇಕಾಗಿಲ್ಲ. ಪ್ಲಗ್, ಅಡಾಪ್ಟರ್, ಜಾಕ್ ನೋಡಿ. ಫ್ಯಾಕ್ಟರಿ ರೀಸೆಟ್ ಮಾಡಿ. ಒಳಗಿನ ರಿಬ್ಬನ್ ಕೇಬಲ್ ಕಿತ್ತು ಮತ್ತೆ ಒತ್ತಿ. ಅದರಾಚೆ ಇಡೀ ಬೋರ್ಡ್ ಬದಲಿಸುವುದಷ್ಟೇ ಉಳಿಯುತ್ತದೆ. ಆದ್ದರಿಂದ ಕೊಳ್ಳುವಾಗಲೇ ಆ ಬೋರ್ಡ್ ಬಿಡಿಯಾಗಿ ಸಿಗುತ್ತದೆಯೆ ಎಂದು ಬರವಣಿಗೆಯಲ್ಲಿ ಕೇಳಿ ತೆಗೆದುಕೊಳ್ಳಿ.

ರಿಪೇರಿ ಮುಗಿದ ಆಂಪನ್ನು ಹಿಂಬದಿಯ ಹಲಗೆ ಹಾಕಿ, ಮಧ್ಯಾಹ್ನದ ಬಿಸಿಲಿನ ಹೊತ್ತಿನಲ್ಲಿ ಎರಡು ತಾಸು ನಡೆಸಿ; ಬಿಚ್ಚಿಟ್ಟು ಫ್ಯಾನಿನ ಕೆಳಗೆ ನಡೆಸಿದರೆ ಬಿಸಿಯ ದೋಷ ಕಾಣುವುದಿಲ್ಲ. ಮೊದಲ ಹತ್ತು ನಿಮಿಷಕ್ಕೆ, ಒಂದು ತಾಸಿಗೆ, ಎರಡು ತಾಸಿಗೆ ಬಯಾಸ್ ಬರೆದಿಟ್ಟುಕೊಂಡು, ದಿನಾಂಕದ ಸಮೇತ ಆ ಚೀಟಿಯನ್ನು ಷಾಸಿಯ ಒಳಗೆ ಅಂಟಿಸಿ. ಬಸ್ಸಿನಲ್ಲಿ ಸಾಗಿಸುವಾಗ ಡಿಕ್ಕಿಯಲ್ಲಿ ಅಡ್ಡ ಮಲಗಿಸದೆ ಸೀಟಿನ ಪಕ್ಕ ನೆಟ್ಟಗೆ ನಿಲ್ಲಿಸಿ. ಕಾರ್ಯಕ್ರಮ ಮುಗಿದ ಮೇಲೆ ಹತ್ತು ನಿಮಿಷ ತಣಿಯಲು ಬಿಡಿ. ಬಿಸಿ ಟ್ಯೂಬ್ ತಾಳುವುದಕ್ಕಿಂತ ತಣ್ಣನೆಯ ಟ್ಯೂಬ್ ನಮ್ಮ ರಸ್ತೆಯ ಕುಲುಕಾಟವನ್ನು ಚೆನ್ನಾಗಿ ತಾಳುತ್ತದೆ. ಇಳಿಸಿದ ಮೇಲೆ ಚುಚ್ಚುವ ಮುಂಚೆ ಟ್ಯೂಬುಗಳು ಸಾಕೆಟ್ಟಿನಲ್ಲಿ ಕೂತಿವೆಯೇ ಎಂದು ಒತ್ತಿ ನೋಡಿ, ಷಾಸಿಯ ನಾಲ್ಕು ಸ್ಕ್ರೂ ಬಿಗಿ ಮಾಡಿ, ಸ್ಪೀಕರ್ ವೈರ್ ಸರಿಯಾಗಿ ಕೂತಿದೆ ಎಂದು ನೋಡಿಯೇ ಸ್ವಿಚ್ ಹಾಕಿ.